ತವರಿಗೆ ಬಂದ ಮಗಳು ಅರ್ಜಿ ಕೊಡೋದು ಎಲ್ಲಿ?

ಕಾಮಯಗೌಂಡನ್‌ಪಟ್ಟಿ: ರಾತ್ರೋರಾತ್ರಿ ಎರಡು ಮಕ್ಕಳ ಕೈ ಹಿಡಿದು ತವರಿಗೆ ಬರುವ ಮಗಳಿಗೆ ನಮ್ಮ ಮನೆಗಳಲ್ಲಿ ಮೊದಲು ಸಿಗುವುದು ಒಂದು ಲೋಟ ನೀರು, ಆಮೇಲೆ ಒಂದು ಗಾದೆ. 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಬೆಳಿಗ್ಗೆ ಹೊರಟುಬಿಡು ಮಗಳೇ.' ಉಂಡು ಮಲಗಿದ ಮೇಲೂ ಏಟು ನಿಲ್ಲದ ಮನೆಗೆ ಈ ಗಾದೆ ಹೊಂದೋದಿಲ್ಲ. ಹೇಳುವ ಹಿರಿಯರಿಗೂ ಅದು ಗೊತ್ತು. ಆದರೆ ವಾಪಸ್ ಕಳಿಸದೆ ಬೇರೆ ಏನು ಮಾಡಬೇಕು, ಎಲ್ಲಿ ಹೋಗಬೇಕು ಎಂಬುದು ಗೊತ್ತಿಲ್ಲದೆ ಗಾದೆಯೇ ತೀರ್ಪಾಗಿಬಿಡುತ್ತದೆ.

ಇದು ಯಾವುದೋ ಒಂದು ಊರಿನ, ಒಂದು ಜಾತಿಯ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ತಮಿಳುನಾಡಿನಲ್ಲಿ ಶೇ. 38ರಷ್ಟು, ಕರ್ನಾಟಕದಲ್ಲಿ ಶೇ. 44ರಷ್ಟು. ಪಕ್ಕದ ಕೇರಳದಲ್ಲಿ ಈ ಲೆಕ್ಕ ಶೇ. 10ರ ಆಸುಪಾಸು. ಅದೇ ಸಮೀಕ್ಷೆ ಹೇಳಿದ ಇನ್ನೊಂದು ಮಾತು ಹೆಚ್ಚು ಚುಚ್ಚುವಂಥದ್ದು. ದೇಶದಲ್ಲಿ ಹಿಂಸೆಗೆ ಒಳಗಾದ ಹೆಂಗಸರಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ಶೇ. 14 ಮಾತ್ರ. ಮುಕ್ಕಾಲು ಪಾಲಿಗೂ ಹೆಚ್ಚು ಜನ ಸಹಾಯ ಕೇಳಲೂ ಇಲ್ಲ, ಯಾರಿಗೂ ಹೇಳಿಕೊಳ್ಳಲೂ ಇಲ್ಲ.

ಕಣಿವೆಯ ಕನ್ನಡ ಮನೆಗಳು

ತೇನಿ ಜಿಲ್ಲೆಯ ಉತ್ತಮಪಾಳೆಯಂ ತಾಲ್ಲೂಕಿನ ಕಾಮಯಗೌಂಡನ್‌ಪಟ್ಟಿ ಕಂಬಂ ಪಟ್ಟಣದ ಮಗ್ಗುಲಲ್ಲೇ ಇರುವ ಊರು. ಒಂದು ಕಡೆ ಸುರುಳಿ ಜಲಪಾತದ ಬೆಟ್ಟ, ಇನ್ನೊಂದು ಕಡೆ ಮುಲ್ಲೈಪೆರಿಯಾರ್ ನೀರುಂಡ ಗದ್ದೆ, ನಡುವೆ ದ್ರಾಕ್ಷಿ ಚಪ್ಪರ. 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಂಬಂ ಪನ್ನೀರ್ ದ್ರಾಕ್ಷಿ ಬೆಳೆಯುವುದು ಇದೇ ಸುತ್ತಿನಲ್ಲಿ. ಬೆಳಗಿನ ಜಾವಕ್ಕೇ ಕಣಿವೆಯ ಊರುಗಳಿಂದ ಜೀಪುಗಳು ಹೊರಟು ಕುಮಿಳಿ, ಕಂಬಂಮೆಟ್ಟು ರಸ್ತೆ ಹತ್ತುತ್ತವೆ. ಒಳಗೆ ಒತ್ತಿಕೊಂಡು ಕೂತ ಹೆಂಗಸರು ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವವರು. ಸಂಜೆ ಮತ್ತೆ ಘಾಟಿ ಇಳಿದು ಬಂದು ಒಲೆ ಹಚ್ಚಬೇಕು.

ಈ ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಶತಮಾನಗಳಿಂದ ಇವೆ. ಡಬ್ಲ್ಯು. ಫ್ರಾನ್ಸಿಸ್ 1906ರಲ್ಲಿ ಬರೆದ ಮಧುರೆ ಜಿಲ್ಲಾ ಗೆಝೆಟಿಯರ್‌ನಲ್ಲೇ ಕಂಬಂ ಕಣಿವೆಯ ಕಾಪಿಲಿಯರ್, ಅನುಪ್ಪರ್ ಎಂಬ ಎರಡು ಕನ್ನಡ ಸಮುದಾಯಗಳ ಪ್ರಸ್ತಾಪ ಬರುತ್ತದೆ. 2011ರ ಜನಗಣತಿಯಲ್ಲಿ ಇಡೀ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದವರು ಸುಮಾರು 12.86 ಲಕ್ಷ. ಇಲ್ಲಿನವರಿಗೆ ಕನ್ನಡ ಎಂದರೆ ಅಡುಗೆಮನೆ, ಜಗಲಿಯ ಮಾತು. ಓದು, ಬರಹ, ಅರ್ಜಿ, ಕಚೇರಿ ಎಲ್ಲ ತಮಿಳು. ತೋಟಕ್ಕೆ ಹೋದರೆ ಮಲಯಾಳ. ಒಬ್ಬ ಹೆಂಗಸು ಅಳುವುದು ಒಂದು ಭಾಷೆಯಲ್ಲಿ, ದೂರು ಬರೆಸುವುದು ಇನ್ನೊಂದು ಭಾಷೆಯಲ್ಲಿ!

ಭಾಷೆಗಿಂತ ದೊಡ್ಡ ತೊಡಕು ಸಂಬಂಧದ್ದು. ಕಾಪಿಲಿಯರಲ್ಲಿ ಸೋದರತ್ತೆಯ ಮಗಳನ್ನು ಮದುವೆಯಾಗುವುದು ಗಂಡಿನ ಹಕ್ಕು ಎಂಬಷ್ಟು ಬಿಗಿ ಇತ್ತೆಂದು ಹಳೆಯ ದಾಖಲೆಗಳು ಹೇಳುತ್ತವೆ. ಆ ಬಿಗಿ ಸಡಿಲವಾಗಿದ್ದರೂ ಸೋದರ ಸಂಬಂಧದ ಮದುವೆ ದಕ್ಷಿಣದ ಎಷ್ಟೋ ಸಮುದಾಯಗಳಂತೆ ಇಲ್ಲೂ ಅಪರೂಪವಲ್ಲ. ಅಂಥ ಮನೆಯಲ್ಲಿ ಸೊಸೆಗೆ ಗಂಡನ ತಂದೆ ಎಂದರೆ ತನ್ನ ತಾಯಿಯ ಒಡಹುಟ್ಟಿದವನೇ. ಮಗಳು ಹೊಡೆತ ತಿಂದು ಬಂದಾಗ ತಾಯಿ ನಿಲ್ಲಬೇಕಾದ್ದು ಸ್ವಂತ ಅಣ್ಣನ ಮನೆಗೆ ಎದುರಾಗಿ. ನ್ಯಾಯಕ್ಕೆ ಕೂರುವ ಹಿರಿಯರೂ ಎರಡು ಕಡೆಗೂ ಬೇಕಾದವರೇ. 'ಮನೆ ಮಾತು ಬೀದಿಗೆ ಬೇಡ' ಎಂದು ಅವರು ಹೇಳುವುದು ದುಷ್ಟತನದಿಂದಲ್ಲ, ಎರಡು ಮನೆ ಒಡೆಯುತ್ತೆ ಅನ್ನೋ ಭಯದಿಂದ. ಆದರೆ ಭಯದ ಬೆಲೆ ತೆರುವವಳು ಆ ಹುಡುಗಿ, ಮತ್ತು ಅವಳ ಸೆರಗು ಹಿಡಿದು ನಿಂತ ಮಕ್ಕಳು. ಹೊರಗಿನ ಆಸರೆ ಬೇಕಾಗುವುದು ಇಂಥ ಕಡೆಯಲ್ಲೇ.

ಘಟನೆ ಅಲ್ಲಿ, ಅರ್ಜಿ ಇಲ್ಲಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾಮಯಗೌಂಡನ್‌ಪಟ್ಟಿಯ ಹುಡುಗಿಯನ್ನು ಬೆಂಗಳೂರಿಗೋ ಇಡುಕ್ಕಿಯ ಕಡೆಗೋ ಕೊಟ್ಟಿದ್ದಾರೆ. ಏಟು ತಿಂದದ್ದು ಅಲ್ಲಿ. ಬಂದು ಕೂತದ್ದು ಇಲ್ಲಿ. 'ಘಟನೆ ನಡೆದ ಊರಲ್ಲೇ ಕೇಸು ಹಾಕಬೇಕಮ್ಮ' ಎಂದು ಯಾರೋ ಹೇಳುತ್ತಾರೆ. ಕೈಗೂಸು ಎತ್ತಿಕೊಂಡು ತಿಂಗಳಿಗೊಮ್ಮೆ ಬೇರೆ ರಾಜ್ಯದ ಕೋರ್ಟಿಗೆ ಅಲೆಯುವುದು ಕೂಲಿ ಹೆಂಗಸಿಗೆ ಆಗೋ ಮಾತೇ? ಅಲ್ಲಿಗೆ ಕೇಸಿನ ಕತೆ ಮುಗಿಯಿತು.

ಆದರೆ ಆ ಮಾತು ತಪ್ಪು. ಮಹಿಳೆಯರಿಗೆ ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ನೀಡುವ 2005ರ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 27ನೇ ಕಲಮು ಸ್ಪಷ್ಟವಾಗಿದೆ. ನೊಂದ ಹೆಂಗಸು ಕಾಯಂ ಆಗಿ ಇರುವ ಊರು, ತಾತ್ಕಾಲಿಕವಾಗಿ ಬಂದು ನಿಂತಿರುವ ಊರು, ಕೆಲಸ ಮಾಡುವ ಊರು, ಇವುಗಳಲ್ಲಿ ಯಾವುದಿದ್ದರೂ ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಕೊಡಬಹುದು. ಅಂದರೆ ತವರಿಗೆ ಬಂದು ನಿಂತ ಮಗಳು ಉತ್ತಮಪಾಳೆಯಂನಲ್ಲೇ ಕೊಡಬಹುದು. ಅದೇ ಕಲಮಿನ ಎರಡನೇ ಭಾಗ ಇನ್ನೂ ಮುಖ್ಯ. ಇಲ್ಲಿ ಹೊರಟ ಆದೇಶ ಇಡೀ ದೇಶದಲ್ಲಿ ನಡೆಯುತ್ತದೆ. ಗಂಡ ಗಡಿ ದಾಟಿ ಕೂತರೂ ತಪ್ಪಿಸಿಕೊಳ್ಳುವಂತಿಲ್ಲ.

ಗಡಿಯ ಎರಡೂ ಕಡೆಗೆ ಸೇರಿದ ಒಂದು ಪ್ರಕರಣವೇ ಇದಕ್ಕೆ ಸಾಕ್ಷಿ. ಮದುವೆಯ ಮನೆ ಚೆನ್ನೈ, ಹೆಂಡತಿ ತಂದೆತಾಯಿಯ ಜೊತೆ ಇದ್ದದ್ದು ಬೆಂಗಳೂರು. ಆಕೆ ಬೆಂಗಳೂರಲ್ಲಿ ಅರ್ಜಿ ಹಾಕಿದಳು. ಅಲ್ಲಿನ ಕೋರ್ಟಿಗೆ ಅಧಿಕಾರವೇ ಇಲ್ಲ ಎಂದು ಗಂಡನ ಕಡೆಯವರು ಸುಪ್ರೀಂ ಕೋರ್ಟಿನವರೆಗೆ ಹೋದರು. ತಮಿಳುನಾಡಿನವರೇ ಆದ ನ್ಯಾಯಮೂರ್ತಿ ಆರ್. ಭಾನುಮತಿ ಅವರಿದ್ದ ಪೀಠ 2020ರ ಜನವರಿಯಲ್ಲಿ, ಆಕೆ ವಾಸವಿರುವ ಬೆಂಗಳೂರಿನ ಕೋರ್ಟಿಗೆ ಅಧಿಕಾರ ಇದೆ ಎಂದಿತು. ಜೊತೆಗೆ, ನಿರ್ದಿಷ್ಟ ಆರೋಪ ಏನೂ ಇಲ್ಲದ ದೂರದ ನೆಂಟರನ್ನೆಲ್ಲ ಪ್ರಕರಣದಿಂದ ಕೈಬಿಟ್ಟಿತು. ಗಂಡ, ಅತ್ತೆ, ಮಾವ ಮಾತ್ರ ಉಳಿದರು. ಸಿಟ್ಟಿನಲ್ಲಿ ಇಡೀ ವಂಶದ ಹೆಸರು ಬರೆಸುವವರು ಈ ಎರಡನೇ ಮಾತನ್ನೂ ಗಮನಿಸಬೇಕು. ಯಾರು, ಯಾವತ್ತು, ಏನು ಮಾಡಿದರು ಎಂದು ಬರೆದ ಅರ್ಜಿ ನಿಲ್ಲುತ್ತದೆ. ಹದಿನಾಲ್ಕು ಹೆಸರು ತುಂಬಿಸಿದ್ದು ನಿಲ್ಲೋದಿಲ್ಲ.

ಇದು ಪೊಲೀಸ್ ಕೇಸಿಗೂ ಅನ್ವಯ. ಗಂಡನ ಮನೆಯ ಕ್ರೌರ್ಯದಿಂದ ಓಡಿ ಬಂದು ಆಸರೆ ಪಡೆದ ಊರಲ್ಲೇ ಹೆಂಡತಿ ಕ್ರಿಮಿನಲ್ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2019ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. ಆಗ ಅದು ಐಪಿಸಿ 498ಎ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮು. ನಂಬರು ಬದಲಾಯಿತು, ಮೂರು ವರ್ಷದವರೆಗಿನ ಜೈಲು ಶಿಕ್ಷೆ ಹಾಗೇ ಇದೆ.

ಕೇಸು ಬೇಡ, ಏಟು ನಿಂತರೆ ಸಾಕು!

ಹೆಚ್ಚಿನ ತಾಯಂದಿರು ಕೇಳುವುದು ಇಷ್ಟನ್ನೇ. ಗಂಡನನ್ನು ಜೈಲಿಗೆ ಹಾಕಿಸಬೇಕು ಅಂತಲ್ಲ, ಮಕ್ಕಳ ಎದುರು ಹೊಡೀಬಾರದು ಅಂತ. 2005ರ ಕಾಯ್ದೆ ಮಾಡಿದ್ದೇ ಇದಕ್ಕೆ. ಇದು ಮೂಲತಃ ಶಿಕ್ಷೆಯ ಕಾಯ್ದೆಯಲ್ಲ, ಆಸರೆಯ ಕಾಯ್ದೆ. ಹೊಡೆಯಬಾರದು, ಹತ್ತಿರ ಬರಬಾರದು ಎಂಬ ರಕ್ಷಣಾ ಆದೇಶ. ಮನೆಯಿಂದ ಹೊರಹಾಕಬಾರದು ಎಂಬ ವಾಸದ ಆದೇಶ. ಖರ್ಚಿಗೆ ಹಣ, ಮಕ್ಕಳನ್ನು ತಾಯಿಯ ವಶಕ್ಕೆ ಕೊಡುವ ಆದೇಶ, ಒಡವೆ ವಸ್ತು ವಾಪಸ್ ಕೊಡಿಸುವುದು, ಇವೆಲ್ಲ ಒಂದೇ ಅರ್ಜಿಯಲ್ಲಿ ಕೇಳಬಹುದು. ತುರ್ತಿದ್ದರೆ ಎದುರು ಪಕ್ಷ ಬರುವ ಮೊದಲೇ ಮಧ್ಯಂತರ ಆದೇಶ ಸಿಗಬಹುದು. ಆದೇಶ ಮುರಿದರೆ ಮಾತ್ರ ಅದು ಅಪರಾಧ. ಆಗ ಒಂದು ವರ್ಷದವರೆಗೆ ಜೈಲು, 20 ಸಾವಿರ ರೂಪಾಯಿವರೆಗೆ ದಂಡ.

ಮನೆ ಮಾವನ ಹೆಸರಲ್ಲಿದೆ, ನಿನಗೇನು ಹಕ್ಕು ಎಂದು ಹೊರಗೆ ಹಾಕುವುದುಂಟು. ಗಂಡನ ಮನೆಯವರ ಹೆಸರಿನಲ್ಲಿರುವ ಮನೆಯಾದರೂ ಅವರೊಡನೆ ಸಂಸಾರ ಮಾಡಿದ ಮನೆಯೇ ಆಗಿದ್ದರೆ ಸೊಸೆ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಮನೆಯ ಪಾಲು ಕೇಳುವ ಹಕ್ಕಲ್ಲ, ಇರುವ ಹಕ್ಕು. ಎರಡನ್ನೂ ಗೊಂದಲ ಮಾಡಿಕೊಂಡು ಮಾವಂದಿರು ಸುಮ್ಮನೆ ಹೆದರುವುದೂ ಇದೆ. ಇನ್ನೊಂದು ವಿಷಯ, ಈ ಕಾಯ್ದೆ ಹೆಂಡತಿಗೆ ಮಾತ್ರ ಅಲ್ಲ. ಕುಡಿದ ಮಗನ ಕೈಯಲ್ಲಿ ಏಟು ತಿನ್ನುವ ಮುದಿ ತಾಯಿ, ಅಣ್ಣನ ಮನೆಯಲ್ಲಿರುವ ವಿಧವೆ ತಂಗಿ, ಇವರೂ ಅರ್ಜಿ ಕೊಡಬಹುದು. ಕೈ ಮಾಡುವುದಷ್ಟೇ ಹಿಂಸೆ ಅಲ್ಲ. ಏಲಕ್ಕಿ ತೋಟದ ಕೂಲಿಯನ್ನು ವಾರವಾರ ಕಿತ್ತುಕೊಂಡು 2003ರಿಂದ ಸರ್ಕಾರವೇ ನಡೆಸುತ್ತಿರುವ ಟಾಸ್ಮಾಕ್ ಅಂಗಡಿಗೆ ಸುರಿಯುವುದೂ ಕಾಯ್ದೆಯ ಲೆಕ್ಕದಲ್ಲಿ ಆರ್ಥಿಕ ದೌರ್ಜನ್ಯ. ಒಂದು ಕೈಯಲ್ಲಿ ಮದ್ಯ ಮಾರಿ ಇನ್ನೊಂದು ಕೈಯಲ್ಲಿ ಸಹಾಯವಾಣಿ ನಡೆಸುವ ವ್ಯವಸ್ಥೆ ನಮ್ಮದು, ಏನು ಹೇಳೋಣ.

ಯಾರ ಬಾಗಿಲು ತಟ್ಟಬೇಕು?

ಪ್ರತಿ ಜಿಲ್ಲೆಗೂ ಸಂರಕ್ಷಣಾಧಿಕಾರಿ ಇರಬೇಕು ಎನ್ನುವುದು ಕಾಯ್ದೆ. ತೇನಿಯಲ್ಲಿ ಜಿಲ್ಲಾ ಸಮಾಜ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬೇಕು. ಅವರು ಹೇಳಿದ್ದನ್ನು ಕೇಳಿ ಘಟನಾ ವರದಿ ಬರೆಯುತ್ತಾರೆ, ಅರ್ಜಿ ತಯಾರಿಸುತ್ತಾರೆ, ವೈದ್ಯರು, ವಕೀಲರು, ಆಶ್ರಯಧಾಮ ಇವುಗಳಿಗೆ ಸಂಪರ್ಕ ಮಾಡಿಸುತ್ತಾರೆ. ಓದು ಬಾರದವರಿಗೆ ಅರ್ಜಿಯನ್ನು ಓದಿ ಹೇಳಿ ತಿಳಿಸಬೇಕು ಎಂದು ನಿಯಮವೇ ಇದೆ. ಕರ್ನಾಟಕದಿಂದ ಸೊಸೆಯಾಗಿ ಬಂದು ತಮಿಳು ಇನ್ನೂ ಹತ್ತದ ಹುಡುಗಿಯರು 'ಓದಿ ಹೇಳಿ, ಆಮೇಲೆ ಸಹಿ ಹಾಕ್ತೀನಿ' ಎಂದು ಧೈರ್ಯವಾಗಿ ಕೇಳಬಹುದು. ಅಧಿಕಾರಿಯ ವರದಿ ಇಲ್ಲದೆ ನೇರವಾಗಿ ಕೋರ್ಟಿಗೂ ಹೋಗಬಹುದು. ಅಂಥ ವರದಿ ಕಡ್ಡಾಯವಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಉಚಿತ ವಕೀಲರ ನೆರವು ಸಿಗುತ್ತದೆ. ಆದಾಯದ ಮಿತಿ ಅವರಿಗಿಲ್ಲ.

ಪೊಲೀಸ್ ಬಾಗಿಲು ಎಂದರೆ ಉತ್ತಮಪಾಳೆಯಂನ ಮಹಿಳಾ ಪೊಲೀಸ್ ಠಾಣೆ. ತಮಿಳುನಾಡಿನಲ್ಲಿ ಮಹಿಳಾ ಠಾಣೆಗಳು ಶುರುವಾದದ್ದು 1992ರಲ್ಲಿ ಚೆನ್ನೈನಿಂದ. ಅಲ್ಲಿ ಅರ್ಜಿ ಕೊಟ್ಟರೆ ಕೂಡಲೇ ಎಫ್‌ಐಆರ್ ಆಗುವುದು ಕಡಿಮೆ. ಮೊದಲು ಸಿಎಸ್‌ಆರ್ ರಸೀದಿ ಕೊಟ್ಟು ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುವುದು ರೂಢಿ. ಆ ರಸೀದಿಯನ್ನು ಕೇಳಿ ಪಡೆಯಬೇಕು, ಜೋಪಾನ ಮಾಡಬೇಕು. 'ರಾಜಿ' ಎಂದು ಬರೆದ ಕಾಗದಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಇನ್ನು ಮುಂದೆ ಹೊಡೆಯುವುದಿಲ್ಲ, ತಿಂಗಳಿಗೆ ಇಷ್ಟು ಕೊಡುತ್ತೇನೆ ಎಂಬ ಮಾತು ಇದೆಯೇ, ಅಥವಾ ಹೆಂಡತಿ ಹೊಂದಿಕೊಂಡು ಹೋಗತಕ್ಕದ್ದು ಎಂದಷ್ಟೇ ಇದೆಯೇ ನೋಡಬೇಕು. ಎರಡನೆಯದಾದರೆ ಅದು ರಾಜಿಯಲ್ಲ.

ಆಸ್ಪತ್ರೆಯಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಕೈ ಮುರಿದು ಕಂಬಂ ಸರ್ಕಾರಿ ಆಸ್ಪತ್ರೆಗೆ ಹೋದವಳು 'ಬಚ್ಚಲಲ್ಲಿ ಜಾರಿಬಿದ್ದೆ' ಎಂದು ಬರೆಸುತ್ತಾಳೆ. ಜೊತೆಗೆ ಬಂದ ಅತ್ತೆ ಪಕ್ಕದಲ್ಲೇ ನಿಂತಿರುತ್ತಾಳಲ್ಲ! ಆರು ತಿಂಗಳಾದ ಮೇಲೆ ಕೋರ್ಟಿನಲ್ಲಿ ಅದೇ ದಾಖಲೆ ಅವಳಿಗೆ ಎದುರಾಗಿ ನಿಲ್ಲುತ್ತದೆ. ಡಾಕ್ಟರಿಗೆ ನಿಜ ಹೇಳಬೇಕು. ಇಲ್ಲಿನವರು ಎ.ಆರ್. ಕಾಪಿ ಎನ್ನುವ ಅಪಘಾತ ದಾಖಲೆಯ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಬೇಕು.

ನೆರೆಮನೆಯವರಿಗೂ ಒಂದು ಮಾತು. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ ಎಂದು ಕಾಯ್ದೆಯ 4ನೇ ಕಲಮು ಅಭಯ ಕೊಟ್ಟಿದೆ. ನೆಂಟರೇ ನೆರೆಯವರಾಗಿರುವ ಬೀದಿಯಲ್ಲಿ ಈ ಕೆಲಸ ಹೊರಗಿನವರೊಬ್ಬರು ಮಾಡುವುದೇ ಸುಲಭ. ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಟೀಚರು, ಸ್ವಸಹಾಯ ಗುಂಪಿನ ಮುಖಂಡೆ ಇವರಿಗೆ ಒಂದು ಫೋನು ಸಾಕು.

ಮಕ್ಕಳ ಸ್ಕೂಲು ಏನಾಗುತ್ತೆ?

ತಾಯಿ ಹಿಂದೆ ಮುಂದೆ ನೋಡುವುದು ಬಹಳ ಸಲ ಇದೇ ಪ್ರಶ್ನೆಗೆ. ಏಟು ತಿಂದವಳು ತಾಯಿಯಾದರೂ ಬಾಗಿಲ ಸಂದಿಯಿಂದ ನೋಡಿದ ಮಗು ಅದನ್ನು ಮರೆಯುವುದಿಲ್ಲ. ನಿದ್ದೆಯಲ್ಲಿ ಬೆಚ್ಚುವುದು, ದೊಡ್ಡದಾದ ಮೇಲೂ ಹಾಸಿಗೆ ಒದ್ದೆ ಮಾಡುವುದು, ಕ್ಲಾಸಿನಲ್ಲಿ ಮಂಕಾಗುವುದು ಅಥವಾ ಎಲ್ಲರ ಮೇಲೂ ಕೈ ಮಾಡುವುದು, ಇಂಥ ಲಕ್ಷಣಗಳನ್ನು ತುಂಟತನ ಎಂದು ಬೈಯುವವರೇ ಹೆಚ್ಚು. ತಂದೆ ತಾಯಿಯನ್ನು ಹೊಡೆಯುವುದನ್ನು ನೋಡಿ ಬೆಳೆದ ಹೆಣ್ಣುಮಕ್ಕಳೇ ಮುಂದೆ ತಮ್ಮ ಗಂಡಂದಿರ ಕೈಯಲ್ಲಿ ಹಿಂಸೆ ಅನುಭವಿಸುವುದು ಹೆಚ್ಚು ಎಂದು ಕುಟುಂಬ ಆರೋಗ್ಯ ಸಮೀಕ್ಷೆಗಳೇ ತೋರಿಸಿವೆ. 'ಮಕ್ಕಳಿಗೋಸ್ಕರ ಸಹಿಸ್ಕೋ' ಎನ್ನುವವರು ಈ ಒಂದು ಸಂಗತಿಯನ್ನು ಯೋಚಿಸಲಿ.

ಮಕ್ಕಳನ್ನು ಕರೆತಂದ ಮೇಲೆ ಗಂಡನ ಕಡೆಯವರ ಕೈಲಿ ಉಳಿಯುವ ಆಯುಧ ಎಂದರೆ ಟಿ.ಸಿ. ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ತರಲು ಬಿಡುವುದಿಲ್ಲ. ಮಗು ಮನೆಯಲ್ಲಿ ಕೂತಿರುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಓದಿದರೆ ಈ ಹೆದರಿಕೆ ಅರ್ಧಕ್ಕೆ ಇಳಿಯುತ್ತದೆ. 6ರಿಂದ 14 ವರ್ಷದ ಮಗು ರಾಜ್ಯದೊಳಗೇ ಆಗಲಿ, ಬೇರೆ ರಾಜ್ಯಕ್ಕೇ ಆಗಲಿ ಶಾಲೆ ಬದಲಿಸಬಹುದು. ಮುಖ್ಯೋಪಾಧ್ಯಾಯರು ಕೂಡಲೇ ಟಿ.ಸಿ. ಕೊಡಬೇಕು. ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆ ಸೇರಿಸಿಕೊಳ್ಳಲು ತಡ ಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಎಂದೂ ವಾಪಸ್ ಕಳಿಸುವಂತಿಲ್ಲ. ತವರೂರಿನ ಸರ್ಕಾರಿ ಶಾಲೆಗೆ ಮಾರನೇ ದಿನವೇ ಮಗುವನ್ನು ಕರೆದುಕೊಂಡು ಹೋಗಬಹುದು. ಕನ್ನಡ ಶಾಲೆಯಿಂದ ತಮಿಳು ಶಾಲೆಗೆ ಬಂದ ಮಗುವಿಗೆ ಅಕ್ಷರದ ಕಷ್ಟ ಇದ್ದೇ ಇದೆ. ಅದಕ್ಕೆ ಟೀಚರ ತಾಳ್ಮೆ ಬೇಕು, ಕಾಯ್ದೆ ಸಾಲದು.

ಖರ್ಚಿನ ವಿಷಯ. ಹಿಂದೆ 125ನೇ ಕಲಮು ಎಂದು ಎಲ್ಲರ ಬಾಯಲ್ಲಿದ್ದ ಜೀವನಾಂಶದ ಅವಕಾಶ ಈಗ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ಹೆಂಡತಿ ಮಕ್ಕಳು ವಾಸವಿರುವ ಊರಲ್ಲೇ ಹಾಕಬಹುದು. ಅರ್ಜಿ ಕೊಟ್ಟ ದಿನದಿಂದಲೇ ಜೀವನಾಂಶ ಲೆಕ್ಕ ಹಿಡಿಯಬೇಕು ಎಂದು 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಎಳೆದಾಡಿದರೂ ಗಂಡನಿಗೆ ಉಳಿತಾಯವೇನೂ ಇಲ್ಲ. 60 ದಿನದಲ್ಲಿ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಎಂದು 2005ರ ಕಾಯ್ದೆಯಲ್ಲಿದೆ. ನಡೆಯುವುದು ಅದಕ್ಕಿಂತ ನಿಧಾನ, ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಅದಕ್ಕೇ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು.

ತವರೂ ಇಲ್ಲದವರು

ತವರು ಬಾಗಿಲು ಹಾಕಿಕೊಂಡರೆ? ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಸಖಿ ಕೇಂದ್ರಗಳಲ್ಲಿ ವೈದ್ಯಕೀಯ ನೆರವು, ಪೊಲೀಸ್, ವಕೀಲರು, ಸಮಾಲೋಚನೆ ಒಂದೇ ಸೂರಿನಡಿ. ತಾಯಿ ಮಕ್ಕಳಿಗೆ ಐದು ದಿನದವರೆಗೆ ತಂಗಲು ಜಾಗ. ಆಮೇಲೂ ಬೇಕಾದರೆ ಹೆಂಗಸರ ಆಶ್ರಯಧಾಮಕ್ಕೆ ಕಳಿಸುತ್ತಾರೆ. ಇಲ್ಲೊಂದು ಕಹಿ ಸಂಗತಿ ಇದೆ. ಹೆಣ್ಣುಮಗು ಎಷ್ಟು ದೊಡ್ಡದಾದರೂ ತಾಯಿಯ ಜೊತೆ ಇರಬಹುದು, ಗಂಡುಮಗನಿಗೆ ವಯಸ್ಸಿನ ಮಿತಿ ಇದೆ. ಮೀಸೆ ಚಿಗುರುವ ವಯಸ್ಸಿನ ಹುಡುಗನನ್ನು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಬೇರೆ ಕಡೆ ಇರಿಸಬೇಕಾಗುತ್ತದೆ. ಅಪ್ಪನನ್ನು ತಡೆಯಲು ಹೋಗಿ ತಾನೂ ಏಟು ತಿಂದ ಹುಡುಗ ಅಮ್ಮನಿಂದ ದೂರವಾಗುವುದು ಎಂಥ ನ್ಯಾಯ? ತಾಯಿ ಮಕ್ಕಳನ್ನು ಒಟ್ಟಿಗೆ ಇರಿಸುವ ಸಣ್ಣ ಮನೆಗಳ ವ್ಯವಸ್ಥೆ ಬೇಕಾಗಿದೆ.

ಇಂಥ ಆಸರೆಗೆ ಈ ಭಾಗದಲ್ಲಿ ಹಳೆಯ ಬೇರೂ ಇದೆ. ಟಿವಿಎಸ್ ಮನೆತನದ ಮಗಳು, ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ ಆಮೇಲೆ ವೈದ್ಯೆಯಾದ ಡಾ. ಟಿ.ಎಸ್. ಸೌಂದರಂ ಪತಿ ಜಿ. ರಾಮಚಂದ್ರನ್ ಅವರೊಡನೆ 1947ರಲ್ಲಿ ದಿಂಡುಗಲ್ ಬಳಿ, ನೇಕಾರರ ಊರಾದ ಚಿನ್ನಾಳಪಟ್ಟಿಯ ಪಕ್ಕ ಗಾಂಧಿಗ್ರಾಮ ಕಟ್ಟಿದರು. ಅಲ್ಲಿ ಆಸ್ಪತ್ರೆ ಶಾಲೆಗಳ ಜೊತೆ ದಿಕ್ಕಿಲ್ಲದ ಮಕ್ಕಳಿಗೆ ಸೌಭಾಗ್ಯ ಇಲ್ಲಂ, ನೊಂದ ಹೆಂಗಸರಿಗೆ ಅವ್ವೈ ಆಶ್ರಮ ಬೆಳೆದವು. ಮಲೆ ದಾಟಿ ಇಡುಕ್ಕಿಗೆ ಕೊಟ್ಟ ಹೆಣ್ಣುಮಕ್ಕಳಿಗೆ ಕೇರಳದಲ್ಲಿ ಕುಟುಂಬಶ್ರೀಯವರು 2013ರಲ್ಲಿ ಆರಂಭಿಸಿದ ಸ್ನೇಹಿತಾ ಕೇಂದ್ರಗಳಿವೆ.

ಹೊರಡುವ ಹೊತ್ತಿಗೆ ಸಾಧ್ಯವಾದರೆ ಆಧಾರ್, ಮಕ್ಕಳ ಜನನ ಪತ್ರ, ಬ್ಯಾಂಕ್ ಪಾಸ್‌ಬುಕ್, ಮದುವೆ ಫೋಟೊ ಒಂದು ಚೀಲದಲ್ಲಿ ನಂಬಿಕೆಯವರ ಮನೆಯಲ್ಲಿ ಮೊದಲೇ ಇಟ್ಟಿರಬೇಕು. ಆಗದಿದ್ದರೆ ಚಿಂತೆಯಿಲ್ಲ, ಕಾಗದ ಆಮೇಲೆ ಮಾಡಿಸಿಕೊಳ್ಳಬಹುದು. ಅಕ್ಕಿಗೂ ದಾರಿಯಿದೆ. ಒಂದು ದೇಶ ಒಂದು ಪಡಿತರ ಯೋಜನೆಗೆ ತಮಿಳುನಾಡು 2020ರಲ್ಲಿ ಸೇರಿದೆ.

ತಮಿಳುನಾಡಿನಲ್ಲಿ 2018ರ ಡಿಸೆಂಬರ್‌ನಲ್ಲಿ ಆರಂಭವಾದ ಮಹಿಳಾ ಸಹಾಯವಾಣಿ 181 ಹಗಲು ರಾತ್ರಿ ಕೆಲಸ ಮಾಡುತ್ತದೆ. ಕರ್ನಾಟಕ, ಕೇರಳದಲ್ಲೂ ಅದೇ ನಂಬರು. ಮಕ್ಕಳ ವಿಷಯಕ್ಕೆ 1098, ಏಟು ಬೀಳುತ್ತಿರುವ ಹೊತ್ತಿಗೆ ಪೊಲೀಸರಿಗೆ 112, ಉಚಿತ ವಕೀಲರಿಗೆ 15100. ಗಂಡ ಮೊಬೈಲ್ ಕಸಿದುಕೊಂಡಿದ್ದರೆ ಪಕ್ಕದ ಮನೆಯ ಫೋನಿನಿಂದಲೂ ಮಾಡಬಹುದು.